ಲಾಡ್ಲೇಸಾಬ ಕಟ್ಟಿದ ಮೆಟ್ಟಿಲು

ವಿಜಯಪುರದ ಹಳೆಯ ಓಣಿಯೊಂದರಲ್ಲಿ ಸಣ್ಣದೊಂದು ಮಸೀದಿ ಇತ್ತು. ಅದರ ಬಾಗಿಲಿನ ಆರು ಮೆಟ್ಟಿಲುಗಳು ಸವೆದು ಹಳ್ಳ ಬಿದ್ದಿದ್ದವು. ಹೊಸ ಮೆಟ್ಟಿಲು ಕಟ್ಟುವ ಕೆಲಸ ಕಲ್ಲುಕುಟಿಗ ಲಾಡ್ಲೇಸಾಬನಿಗೆ ಬಂತು.

ಅವನಿಗೆ ಹಿಗ್ಗೋ ಹಿಗ್ಗು. ಊರೇ ನಿಂತು ನೋಡಬೇಕು, ಹಾಗೆ ಮಾಡುತ್ತೇನೆ ಎಂದು ಇಪ್ಪತ್ತು ದಿನ ಬೆವರು ಸುರಿಸಿದ. ಕರಿಕಲ್ಲನ್ನು ಮುಖ ಕಾಣುವಷ್ಟು ನುಣುಪು ಮಾಡಿದ. ಗತ್ತಾಗಿ ಕಾಣಲೆಂದು ಆರು ಮೆಟ್ಟಿಲಿದ್ದಲ್ಲಿ ಮೂರೇ ಇಟ್ಟು, ಒಂದೊಂದನ್ನೂ ಮೊಣಕಾಲೆತ್ತರ ಏರಿಸಿದ.

ಶುಕ್ರವಾರ ಬಂದವರೆಲ್ಲ ಬಾಯ್ತುಂಬ ಹೊಗಳಿದರು. ಎದುರಿಗೆ ಹೂ ಮಾರುವ ಗುರುಬಾಯಿ ಮಾತ್ರ, "ಚಂದ ಏನೋ ಐತಿ ಅಣ್ಣಾ. ಆದ್ರ ವಯಸ್ಸಾದವರು ಹೆಂಗ ಹತ್ತಬೇಕು?" ಎಂದು ಕೇಳಿದಳು.

"ನೀ ಹೂ ಕಟ್ಟವ್ವಾ. ಕಲ್ಲಿನ ಮಾತು ನನಗ ಬಿಡು" ಎಂದು ಲಾಡ್ಲೇಸಾಬ ಒಳಗೆ ನಡೆದ.

ನಮಾಜು ಮುಗಿಸಿ ಹೊರಗೆ ಬಂದರೆ, ಬೇವಿನ ಮರದ ಕೆಳಗೆ ದರ್ಜಿ ಬುಡನಸಾಬ ಚಾದರ ಮಡಚುತ್ತಿದ್ದ. ಎಂಬತ್ತರ ಮುದುಕ. ಐವತ್ತು ವರ್ಷ ಒಳಗೆ ಮೊದಲ ಸಾಲಿನಲ್ಲೇ ನಿಂತವನು.

"ಚಾಚಾ, ಒಳಗ್ಯಾಕ ಬರಲಿಲ್ಲ?"

"ಇಲ್ಲಿ ಗಾಳಿ ಛಲೋ ಐತಿ ಬೇಟಾ" ಎಂದು ಮುದುಕ ನಕ್ಕ. ಆದರೆ ಅವನ ಮೊಣಕೈ ತರಚಿ ರಕ್ತ ಒಸರುತ್ತಿತ್ತು. ನುಣುಪು ಕಲ್ಲಿನ ಮೇಲೆ ಜಾರಿ ಬಿದ್ದಿದ್ದ.

ಲಾಡ್ಲೇಸಾಬನ ಮುಖ ಇಳಿದುಹೋಯಿತು. ಮರುದಿನ ಬೆಳಿಗ್ಗೆ ಚಾಣ, ಸುತ್ತಿಗೆ ಹಿಡಿದು ಬಂದವನೇ ತನ್ನ ಮೆಟ್ಟಿಲನ್ನು ತಾನೇ ಒಡೆಯತೊಡಗಿದ. ಜನ ಓಡಿ ಬಂದರು.

"ಹುಚ್ಚು ಹಿಡೀತೇನೋ ನಿನಗ?"

"ಹಿಡಿದಿತ್ತು. ಇವತ್ತು ಬಿಡ್ತು."

ಮತ್ತೆ ಆರು ಮೆಟ್ಟಿಲು ಕೂಡಿಸಿದ. ಕಾಲು ಜಾರದಂತೆ ಕಲ್ಲಿನ ಮೈಯನ್ನು ಒರಟು ಮಾಡಿದ. ಪಕ್ಕದಲ್ಲಿ ಕೈಯಾಸರೆಗೆ ಕಬ್ಬಿಣದ ಸರಳು ಹಾಕಿದ. ಬಳಿಕ ಗುರುಬಾಯಿಯ ಮುಂದೆ ನಿಂತು, "ತಂಗೀ, ನಿನ್ನ ಮಾತು ಖರೆ ಇತ್ತು. ಎತ್ತರ ಬರೋಬರಿ ಆತೇನು, ಹತ್ತಿ ನೋಡು" ಎಂದ. ಅವಳು ಹತ್ತಿ ಇಳಿದು, "ಮೊದಲನೇದು ಇನ್ನೊಂದೆರಡು ಬೆರಳು ಇಳಸು" ಎಂದಳು. ಅವನು ನಗುತ್ತಲೇ ಇಳಿಸಿದ.

ಕೆಲಸ ಮುಗಿದ ಮೇಲಿನ ಮೊದಲ ಶುಕ್ರವಾರ ಬುಡನಸಾಬ ಸರಳು ಹಿಡಿದು ಸರಸರನೆ ಹತ್ತಿ ಹೋದ. ಅವನ ಹಿಂದೆ ಉಳಿದವರೂ ಮಾತಾಡುತ್ತ, ನಗುತ್ತ ಹತ್ತಿದರು. ಮೆಟ್ಟಿಲ ಕಡೆ ಯಾರೊಬ್ಬರೂ ತಿರುಗಿ ನೋಡಲಿಲ್ಲ. ಅದನ್ನು ಕಂಡು ಲಾಡ್ಲೇಸಾಬನಿಗೆ ಹಿಂದೆಂದೂ ಆಗದಷ್ಟು ಖುಷಿಯಾಯಿತು.

ನೀತಿ: ನಾವು ಮಾಡಿದ ಕೆಲಸ ಎಲ್ಲರಿಗಿಂತ ಬಲಹೀನನಾದವನಿಗೂ ಒದಗಬೇಕು. ತಪ್ಪು ಗೊತ್ತಾದಾಗ ತಿದ್ದಿಕೊಳ್ಳುವವನ ಮರ್ಯಾದೆ ಹೆಚ್ಚುತ್ತದೆ.