ಸಂಜೆಯ ಡಾಕ್ಟರಿಗೆ ಕಾಣಬಾರದ ಗುಳಿಗೆ

ಆ ಆಸ್ಪತ್ರೆಯಲ್ಲಿ ಬೆಳಿಗ್ಗೆ ಹುಯಿಲಗೋಳ ಡಾಕ್ಟರು ಕೂಡುತ್ತಿದ್ದರು, ಸಂಜೆ ನಾಜ್ನೀನ್ ಡಾಕ್ಟರು. ಸಂಜೆಗೇ ಜನ ಹೆಚ್ಚು ಬರುತ್ತಾರೆಂಬುದು ಹುಯಿಲಗೋಳರ ಹೊಟ್ಟೆಯುರಿ. ಕಂಪ್ಯೂಟರ್ ಬಂದು, ಒಬ್ಬರು ಬರೆದ ಔಷಧಿ ಇನ್ನೊಬ್ಬರಿಗೂ ಕಾಣುವಂತಾದಾಗ ಆ ಉರಿಗೆ ತುಪ್ಪ ಸುರಿದಂತಾಯಿತು.

"ನನ್ನ ವಿದ್ಯಾ ಆಕಿ ಕುಂತಲ್ಲೇ ಕದೀಬೇಕೇನು? ಕಂಪ್ಯೂಟರಿನ್ಯಾಗ ಪೇಶಂಟ್ ಹೆಸರಷ್ಟ ಹಾಕು. ಔಷಧ ನಾ ಚೀಟಿ ಮ್ಯಾಲೆ ಬರೀತೀನಿ," ಎಂದು ನರ್ಸ್ ನೀಲವ್ವನಿಗೆ ಆಜ್ಞೆಯಾಯಿತು.

ನೀಲವ್ವನಿಗೆ ಚಿಂತೆ ಹತ್ತಿತು. ಕಂಪ್ಯೂಟರ್ ಬರುವ ಹಿಂದಿನ ದಿನವಷ್ಟೇ ಇಮಾಮಸಾಬಜ್ಜ ಚೀಟಿ ಕಳೆದುಕೊಂಡು ಸಂಜೆ ಮತ್ತೆ ಬಂದಿದ್ದ. ಬೆಳಿಗ್ಗೆಯ ಔಷಧಿ ತಿಳಿಯದೆ ನಾಜ್ನೀನ್ ಡಾಕ್ಟರು ಬರೆದುಕೊಟ್ಟ ಅದೇ ಬಿ.ಪಿ. ಗುಳಿಗೆಯನ್ನು ಮತ್ತೆ ನುಂಗಿ, ತಲೆ ತಿರುಗಿ ಬೆಂಚಿನ ಮೇಲೆ ಬಿದ್ದಿದ್ದ. ಅದನ್ನು ಹೇಳಿದರೆ ಸಾಹೇಬರು ಅಜ್ಜನನ್ನೇ ಬೈಯುತ್ತಾರೆಂದು ಅವಳಿಗೆ ಗೊತ್ತಿತ್ತು.

"ಆಗಲ್ರಿ ಸಾಹೇಬ್ರ," ಎಂದಳು. "ಆದ್ರ ಬೆಳಿಗ್ಗೆ ನಿಮ್ಮ ಗುಳಿಗಿ ನುಂಗಿದೋರು ಸಂಜಿಗೆ ಮೇಡಮ್ಮೋರ ಕಡೆ ಹೋಗ್ತಾರ್ರಿ. ಆರಾಮ ಆಗೋದು ನಿಮ್ಮ ಗುಳಿಗಿಯಿಂದ. ಕಂಪ್ಯೂಟರಿನ್ಯಾಗ ಉಳಿಯೋದು ಮೇಡಮ್ಮೋರ ಹೆಸರು."

ಹುಯಿಲಗೋಳರು ಸರಕ್ಕನೆ ಕುರ್ಚಿ ಎಳೆದುಕೊಂಡರು. ಒಂದೇ ಬೆರಳಿನಿಂದ ಔಷಧಿ, ಪ್ರಮಾಣ, ನುಂಗುವ ಹೊತ್ತು ಎಲ್ಲವನ್ನೂ ಕುಟ್ಟಿದರು. ತಮ್ಮ ಹೆಸರು ತಾನಾಗಿಯೇ ಬಂದಿದ್ದರೂ ಕೆಳಗೆ ಮತ್ತೊಮ್ಮೆ ಕುಟ್ಟಿದರು.

ಮರುದಿನ ಬಾಗಿಲಲ್ಲೇ ಕೇಳಿದರು: "ಆಕಿ ನೋಡಿದಳೇನು?"

"ನೋಡಿದ್ರು. ಇಮಾಮಸಾಬಜ್ಜ ನಿನ್ನೆನೂ ಚೀಟಿ ಕಳಕೊಂಡು ಬಂದಿದ್ದ. ನೀವು ಕೊಟ್ಟ ಗುಳಿಗಿ ನೋಡಿ, ಮೇಡಮ್ಮೋರು ಏನೂ ಬರೀಲಿಲ್ರಿ. ಸುಮ್ಮನ ಮನಿಗೆ ಕಳಿಸಿದ್ರು."

ಡಾಕ್ಟರ ಮುಖ ಅರಳಿತು. "ಪಾಪ, ಹೊಟ್ಟಿಕಿಚ್ಚು!"

"ಹೌದ್ರಿ," ಎಂದು ನೀಲವ್ವ ಮುಂದಿನವರನ್ನು ಕರೆದಳು.