ಮಡುವಿನ ಕಾವಲು

ಒಂದು ಕಾಡಿನಲ್ಲಿ ಬೇಸಿಗೆ ಬಂತೆಂದರೆ ನೀರು ಉಳಿಯುತ್ತಿದ್ದದ್ದು ಒಂದೇ ಒಂದು ಮಡುವಿನಲ್ಲಿ. ಜಿಂಕೆ, ಹಂದಿ, ಮುಸುವ, ಮೊಲ, ನವಿಲು ಎಲ್ಲರೂ ಅಲ್ಲಿಗೇ ಬರಬೇಕು. ಇದು ಚಿರತೆಗೂ ಗೊತ್ತಿತ್ತು. ಗೊತ್ತಿಲ್ಲದೆ ಇರುತ್ತದೆಯೇ! ಅದು ಹಾಯಾಗಿ ಪೊದೆಯಲ್ಲಿ ಕಾದು ಕೂತಿರುತ್ತಿತ್ತು. ತಲೆ ತಗ್ಗಿಸಿ ನೀರು ಕುಡಿಯುವವರಿಗೆ ಬೆನ್ನ ಹಿಂದೆ ಏನಿದೆ ಎಂದು ಹೇಗೆ ತಿಳಿಯಬೇಕು, ಪಾಪ? ವಾರಕ್ಕೊಬ್ಬರಾದರೂ ಚಿರತೆಯ ಬಾಯಿಗೆ ಬೀಳುತ್ತಿದ್ದರು. ಉಳಿದವರು, ಸದ್ಯ ನಾನಲ್ಲವಲ್ಲ ಎಂದುಕೊಂಡು ಮನೆಗೆ ಹೋಗುತ್ತಿದ್ದರು.

ಒಂದು ದಿನ ಚುಕ್ಕಿ ಎಂಬ ಜಿಂಕೆ ತನ್ನ ಪುಟ್ಟ ಮರಿಯನ್ನು ಮಡುವಿಗೆ ಕರೆತಂದಳು. ಮರಿಗೆ ಬಾಯಾರಿಕೆ, ತಾಯಿಗೆ ಭಯ. ಮರಿಯನ್ನು ನೀರು ಕುಡಿಯಲು ಬಿಟ್ಟು ಅವಳು ಪಕ್ಕದ ಬಂಡೆ ಹತ್ತಿ ನಿಂತಳು. ಸುತ್ತಲೂ ನೋಡುತ್ತಲೇ ಇದ್ದಳು. ಪೊದೆ ಅಲುಗಿತು. ಚುಕ್ಕಿ ಜೋರಾಗಿ ಕೂಗಿದಳು. ಅವಳ ಮರಿಯೂ ಓಡಿತು, ಅಲ್ಲಿದ್ದವರೆಲ್ಲರೂ ಓಡಿ ಬದುಕಿಕೊಂಡರು.

ಕೋರೆಯಪ್ಪ ಎಂಬ ಕಾಡುಹಂದಿ ಏದುಸಿರು ಬಿಡುತ್ತಾ ಅವಳ ಬಳಿ ಬಂದ. "ಅಲ್ಲವೇ ತಾಯಿ, ನಮ್ಮನ್ನೆಲ್ಲ ಉಳಿಸಿದೆ. ನೀನೇ ಒಂದು ಗುಟುಕು ನೀರು ಕುಡಿಯಲಿಲ್ಲವಲ್ಲ!" ಎಂದ.

"ಹೋಗಲಿ ಬಿಡು ಮಾವ," ಎಂದಳು ಚುಕ್ಕಿ.

"ಹೋಗಲಿ ಅಂದ್ರೆ ಹೇಗೆ? ನಾಳೆ ಬಂಡೆ ಮೇಲೆ ನಾನು ನಿಲ್ತೀನಿ. ನೀನು ಕುಡಿ."

ಮರುದಿನ ಹಂದಿ ನಿಂತ. ಅದರ ಮರುದಿನ ನವಿಲು ನಿಂತಿತು. ಯಾರೂ ಡಂಗುರ ಸಾರಲಿಲ್ಲ, ಯಾರೂ ಅಪ್ಪಣೆ ಮಾಡಲಿಲ್ಲ. ಇನ್ನೊಬ್ಬರ ಕಾವಲಿನಲ್ಲಿ ಸುಮ್ಮನೆ ಕುಡಿದು ಹೋಗಲು ಒಬ್ಬೊಬ್ಬರಿಗೂ ನಾಚಿಕೆಯಾಯಿತು, ಅಷ್ಟೇ. ತಿಂಗಳು ಕಳೆಯುವುದರೊಳಗೆ ಅದು ಕಾಡಿನ ರೂಢಿಯಾಗಿಬಿಟ್ಟಿತು. ಚಿರತೆ ಹಸಿದುಕೊಂಡು ಕೂತಿತು.

ಈಗ ಕರಿಮೂತಿಯ ವಿಷಯ ಹೇಳಬೇಕು. ಅವನೊಬ್ಬ ಮುಸುವ, ಕಪ್ಪು ಮುಖದ ಉದ್ದ ಬಾಲದ ಕೋತಿ. ಕಾಡಿಗೆಲ್ಲ ತಾನೊಬ್ಬನೇ ಜಾಣ ಎಂಬ ಹಮ್ಮು ಅವನಿಗೆ. ತನ್ನ ಸರದಿ ಬಂದಾಗ ಅವನೂ ಬಂಡೆ ಹತ್ತಿದ. ಬಂಡೆಯ ಆಚೆ ಬದಿಗೆ ಕಾರೆ ಗಿಡ, ಗಿಡದ ತುಂಬ ಹಣ್ಣು! 'ಎಲ್ಲರೂ ತಲೆ ತಗ್ಗಿಸಿ ಕುಡೀತಿದ್ದಾರೆ, ನಾನಿಲ್ಲಿ ಇದ್ದೀನೋ ಇಲ್ಲವೋ ಯಾರಿಗೆ ಕಾಣುತ್ತೆ?' ಎಂದುಕೊಂಡ. ಮೆಲ್ಲಗೆ ಇಳಿದು ಹೊಟ್ಟೆ ಬಿರಿಯುವಷ್ಟು ತಿಂದ. ಎಲ್ಲರೂ ಹೊರಡುವ ಹೊತ್ತಿಗೆ ಬಂಡೆ ಹತ್ತಿ, "ಹೆದರಬೇಡ್ರಪ್ಪಾ, ನಾನಿದ್ದೀನಿ!" ಎಂದು ಕೂಗಿದ. ಎಲ್ಲರೂ ಅವನನ್ನು ಹೊಗಳಿದರು. ನಾಚಿಕೆಗೆಟ್ಟವನು, ಹೊಗಳಿಸಿಕೊಂಡ!

ಆದರೆ ಆ ದಿನ ತಡವಾಗಿ ಹೊರಟ ಕೋರೆಯಪ್ಪ ಕಾರೆ ಗಿಡದ ಪಕ್ಕದ ದಾರಿಯಲ್ಲೇ ಬಂದಿದ್ದ. ಎಲ್ಲವನ್ನೂ ನೋಡಿದ. ಬಾಯಿ ಬಿಡಲಿಲ್ಲ. 'ಅವನು ಹಣ್ಣು ತಿನ್ನಬಹುದಾದರೆ ನಾನೊಂದು ನಿದ್ದೆ ಮಾಡಿದರೆ ಏನು ತಪ್ಪು?' ಎಂದು ಮನಸ್ಸಿನಲ್ಲೇ ಅಂದುಕೊಂಡ.

ಮುಂದಿನ ವಾರ ಹಂದಿಯ ಸರದಿ. ಅವನು ಬಂಡೆಯ ಮೇಲೆಯೇ ಗೊರಕೆ ಹೊಡೆಯತೊಡಗಿದ. ಕರಿಮೂತಿ ತನ್ನ ಮರಿಗೆ ನೀರು ಕುಡಿಸುತ್ತಿದ್ದ. ಚಿರತೆ ಹಾರಿತು! ಕರಿಮೂತಿ ಮರಿಯನ್ನು ಎದೆಗೆ ಅವಚಿಕೊಂಡು ಮರಕ್ಕೆ ನೆಗೆದ. ಮರಿ ಉಳಿಯಿತು. ಅವನ ಅರ್ಧ ಬಾಲ ಚಿರತೆಯ ಪಾಲಾಯಿತು.

ಚಿರತೆ ಹೋದ ಮೇಲೆ ಕರಿಮೂತಿ ಹಂದಿಯ ಮೇಲೆ ಹರಿಹಾಯ್ದ. "ನಿನ್ನನ್ನು ನಂಬಿ ಮರಿಯನ್ನು ಕರ್ಕೊಂಡು ಬಂದೆ! ಕಾವಲಿಗೆ ಕೂತು ನಿದ್ದೆ ಮಾಡ್ತೀಯಾ? ನಿನಗೆ ಮನಸ್ಸಾದರೂ ಹೇಗೆ ಬಂತು?"

ಹಂದಿ ತಲೆ ತಗ್ಗಿಸಿದ. "ತಪ್ಪಾಯ್ತು ಮಾರಾಯ. ಆದರೆ ನಿನ್ನ ಸರದಿಯಲ್ಲಿ ನೀನು ಕಾರೆಹಣ್ಣು ತಿಂತಿದ್ದೆಯಲ್ಲ, ಅದನ್ನ ನೋಡಿಯೇ ನಾನು ಕಲಿತದ್ದು."

ಚುಕ್ಕಿ ಮೆಲ್ಲಗೆ ಕೇಳಿದಳು, "ಕರಿಮೂತಿಯಣ್ಣ, ಆ ದಿನ ನನ್ನ ಮರಿಯೂ ನೀರಿನ ಹತ್ತಿರ ಇತ್ತಲ್ಲ?"

ಕರಿಮೂತಿಗೆ ಬಾಲದ ನೋವಿಗಿಂತ ಆ ಮಾತು ಹೆಚ್ಚು ನೋಯಿತು.

ರೂಢಿ ಮುರಿದುಬಿತ್ತು. ಯಾರಿಗೂ ಯಾರ ಮೇಲೂ ನಂಬಿಕೆಯಿಲ್ಲ. ಮೂರು ದಿನ ಎಲ್ಲರೂ ಅರ್ಧ ಗುಟುಕು ಕುಡಿದು ಓಡಿದರು. ಚುಕ್ಕಿಯ ಮರಿ ನಾಲಿಗೆ ಒಣಗಿ ಬಿದ್ದುಕೊಂಡಿತು.

ನಾಲ್ಕನೆಯ ದಿನ ಎಲ್ಲರಿಗಿಂತ ಮೊದಲೇ ಬಂದು ಕರಿಮೂತಿ ಬಂಡೆಯ ಮೇಲೆ ಕೂತಿದ್ದ. "ಇವತ್ತು ನಾನು ಕಾಯ್ತೀನಿ," ಎಂದ.

"ಯಾಕಪ್ಪಾ, ಹಣ್ಣೆಲ್ಲ ಮುಗೀತಾ?" ಎಂದು ನವಿಲು ಚುಚ್ಚಿತು. ಯಾರೂ ಕಾಲು ಕದಲಿಸಲಿಲ್ಲ. ಕರಿಮೂತಿಯ ಕಣ್ಣಲ್ಲಿ ನೀರು ತುಂಬಿತು.

ಚುಕ್ಕಿ ತನ್ನ ಮರಿಯನ್ನು ನೋಡಿದಳು, ಮುಸುವನನ್ನು ನೋಡಿದಳು. "ಯಾರಾದರೂ ಮತ್ತೆ ನಂಬಲು ಶುರು ಮಾಡಬೇಕಲ್ಲ," ಎಂದು ಮರಿಯನ್ನು ಎಬ್ಬಿಸಿಕೊಂಡು ಮಡುವಿಗೆ ಇಳಿದಳು. ಬಂಡೆಗೆ ಬೆನ್ನು ಮಾಡಿ, ತಲೆ ತಗ್ಗಿಸಿ, ಮರಿಯ ಜೊತೆ ನಿಧಾನವಾಗಿ ಕುಡಿದಳು. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ. ಅವಳ ಹಿಂದೆ ಹಂದಿ ಇಳಿದ, ಮೊಲ ಇಳಿಯಿತು, ಕೊನೆಗೆ ನವಿಲೂ ಇಳಿಯಿತು. ಬಾಲದ ಗಾಯಕ್ಕೆ ನೊಣ ಮುತ್ತುತ್ತಿತ್ತು. ಓಡಿಸಲೂ ಕರಿಮೂತಿ ಕತ್ತು ತಿರುಗಿಸಲಿಲ್ಲ. ಪೊದೆಯ ಮೇಲಿಟ್ಟ ಕಣ್ಣು ಕೀಳದೆ, ಕಟ್ಟಕಡೆಯವರು ಕುಡಿದು ಮೇಲೆ ಬರುವವರೆಗೂ ಕಾದು ಕೂತ.

ನೀತಿ: ಒಬ್ಬರು ಇನ್ನೊಬ್ಬರಿಗಾಗಿ ನಿಂತಾಗ ಸಮಾಜದಲ್ಲಿ ನೀತಿ ಹುಟ್ಟುತ್ತದೆ, ಯಾರೂ ನೋಡದಿದ್ದಾಗಲೂ ಅದರಂತೆ ನಡೆದರೆ ಮಾತ್ರ ಅದು ಉಳಿಯುತ್ತದೆ.