ಹೆಬ್ಬೆಟ್ಟು ಒತ್ತಿ ಹೋದವರು

ದೊಡ್ಡಾಸ್ಪತ್ರೆಯೊಂದರಲ್ಲಿ ನಿಜಗುಣ ಎಂಬ ಎಳೆಯ ಡಾಕ್ಟರನಿದ್ದ. ಬುದ್ಧಿವಂತ. ಆದರೆ ತನ್ನ ಬುದ್ಧಿಯ ಮೇಲೆ ಅವನಿಗೆ ಸ್ವಲ್ಪ ಹೆಚ್ಚೇ ಪ್ರೀತಿ.

ಅವನ ವಾರ್ಡಿಗೆ ಬರುತ್ತಿದ್ದವು ಹೊಟ್ಟೆಗಿಲ್ಲದೆ ಸೊರಗಿದ ಮಕ್ಕಳು. ಅಯ್ಯೋ, ಆ ಮಕ್ಕಳನ್ನು ಕಣ್ಣಿಂದ ನೋಡಬಾರದು. ಎರಡು ವರ್ಷದ ಕೂಸಿಗೆ ಮುದುಕಿಯ ಮುಖ. ಅಳುವುದಕ್ಕೂ ತ್ರಾಣವಿಲ್ಲ. ಅಂಥ ಮಕ್ಕಳಿಗೆ ಚಮಚೆಯಲ್ಲಿ ಸ್ವಲ್ಪಸ್ವಲ್ಪವೇ ಹಾಲು ಕುಡಿಸಿ, ದಿನಾ ತೂಕ ನೋಡಿ, ಮೈಗೆ ಒಂದಿಷ್ಟು ಜೀವ ಬಂದ ಮೇಲೆ ಮನೆಗೆ ಕಳಿಸುವುದು ವಾರ್ಡಿನ ಕೆಲಸ. ಹೀಗೆ ಸೇರಿದ ಮಕ್ಕಳು ಕೊನೆಗೆ ಏನಾದವು, ಎಷ್ಟು ಉಳಿದವು ಎಂದು ಸಂಶೋಧನೆ ಮಾಡುವುದು ನಿಜಗುಣನ ಕೆಲಸ.

ಹುಲಿಗೆಮ್ಮ ಎಂಬ ಕೂಲಿಯವಳು ತನ್ನ ಎರಡು ವರ್ಷದ ಮಗಳು ಪವಿತ್ರಾಳನ್ನು ತಂದು ಆ ವಾರ್ಡಿಗೆ ಸೇರಿಸಿದಳು. ಗಂಡ ದೂರದ ಇಟ್ಟಿಗೆ ಭಟ್ಟಿಗೆ ದುಡಿಯಲು ಹೋಗಿದ್ದ. ದೊಡ್ಡ ಮಗ ಯಮನೂರನಿಗೆ ನಾಲ್ಕು ವರ್ಷ, ಅವನನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟಿದ್ದಳು. ಕೆಲವು ದಿನಗಳಲ್ಲೇ ಪವಿತ್ರಾ ಹಾಲಿನ ಬಟ್ಟಲು ಕಂಡರೆ ಕೈ ಚಾಚತೊಡಗಿದಳು. ಒಂದು ದಿನ ನಿಜಗುಣನ ಸ್ಟೆತಸ್ಕೋಪು ಹಿಡಿದೆಳೆದು ನಕ್ಕಳು. ವಾರ್ಡಿಗೆ ವಾರ್ಡೇ ಹಿಗ್ಗಿತು. ನಗುವ ಮಗು ಉಳಿಯುತ್ತದೆ ಎಂಬುದು ಅಲ್ಲಿನ ನರ್ಸಮ್ಮಂದಿರ ನಂಬಿಕೆ.

ಅಷ್ಟರಲ್ಲಿ ಪಕ್ಕದ ಮನೆಯವರೂ ಹೊಟ್ಟೆಪಾಡಿಗೆಂದು ಗುಳೆ ಹೊರಟರು. ಯಮನೂರನನ್ನು ತಂದು ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟು ಬಸ್ಸು ಹತ್ತಿದರು. ವಾರ್ಡಿನಲ್ಲೊಂದು ನಿಯಮವಿತ್ತು: ರೋಗಿ ಮಗುವಿನ ಜೊತೆ ತಾಯಿ ಮಾತ್ರ ಇರಬೇಕು, ಬೇರೆ ಮಕ್ಕಳು ಕೂಡದು. ನಿತ್ರಾಣದ ಮಕ್ಕಳಿಗೆ ಹೊರಗಿನ ಸೋಂಕು ತಗಲೀತೆಂಬ ಭಯ. ನಿಯಮ ಕೆಟ್ಟದ್ದಲ್ಲ ಬಿಡಿ. ಆದರೆ ಮಾಡಿದವರಿಗೆ ಹುಲಿಗೆಮ್ಮ ಗೊತ್ತಿರಲಿಲ್ಲ.

ಅವಳು ಮಗನ ಕೈ ಹಿಡಿದುಕೊಂಡು ನಿಜಗುಣನ ಮುಂದೆ ಬಂದು ನಿಂತಳು.

"ಸಾಹೇಬ್ರ, ಇವನ್ನ ಯಾರ ಕೈಯಾಗ ಬಿಡ್ಲಿ? ಮಂಚದ ಬುಡಕ ಮಲಗ್ತಾನ್ರಿ. ನನ್ನ ತಾಟಿನಾಗ ಉಣ್ತಾನ, ಬ್ಯಾರೆ ಊಟಾ ಕೇಳಂಗಿಲ್ಲ."

"ಆಗಂಗಿಲ್ಲವ್ವ. ರೂಲ್ಸ್ ಅದಾವ. ಊರಾಗ ಯಾರರ ಬಳಗದವ್ರು ಇದ್ರ ನೋಡು."

"ಯಾರೂ ಇಲ್ರಿ."

"ಹಂಗಾರ ನಾ ಏನ್ ಮಾಡ್ಲಿ? ನೀನ ವಿಚಾರ ಮಾಡು."

ಏನು ವಿಚಾರ ಮಾಡಿಯಾಳು? ಅತ್ತ ದರಿ, ಇತ್ತ ಪುಲಿ. ಒಂದು ಮಗುವನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬೀದಿಗೆ ಬಿಡು ಎಂದರೆ ಯಾವ ತಾಯಿ ಬಿಟ್ಟಾಳು! ಅವಳು ಪವಿತ್ರಾಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ನಿಜಗುಣ ಒಂದು ಕಾಗದ ಮುಂದಿಟ್ಟ. 'ಡಾಕ್ಟರು ಬೇಡವೆಂದರೂ ನನ್ನ ಸ್ವಂತ ಇಚ್ಛೆಯಿಂದ ಮಗುವನ್ನು ಒಯ್ಯುತ್ತಿದ್ದೇನೆ, ಮುಂದಿನದಕ್ಕೆ ಆಸ್ಪತ್ರೆ ಹೊಣೆಯಲ್ಲ' ಎಂದು ಅದರಲ್ಲಿ ಬರೆದಿತ್ತು. ಸ್ವಂತ ಇಚ್ಛೆಯಂತೆ! ಅವಳಿಗೆ ಓದು ಬಾರದು. ಇವನು ಓದಿ ಹೇಳಲಿಲ್ಲ. ಬೇರೆ ಮಕ್ಕಳು ಕಾಯುತ್ತಿದ್ದವು, ಅವನಿಗೆ ಅವಸರವಿತ್ತು. ಹೆಬ್ಬೆಟ್ಟು ಒತ್ತಿಸಿಕೊಂಡ. ಅವಳು ಹೋದಳು.

ವರ್ಷ ಉರುಳಿತು. ನಿಜಗುಣ ತನ್ನ ಸಂಶೋಧನೆಯನ್ನು ವಾರ್ಡಿನ ಹಿರಿಯ ಡಾಕ್ಟರು ವಿಮಲಾಕ್ಷಿ ಮೇಡಂ ಮುಂದೆ ತಂದಿಟ್ಟ. ಸೇರಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಗುಣವಾಗಿದ್ದರು. ಇಂಥ ಫಲಿತಾಂಶ ಸುತ್ತಲ ಯಾವ ಆಸ್ಪತ್ರೆಯಲ್ಲೂ ಇರಲಿಲ್ಲ. ಶಭಾಷ್ ಅನ್ನಿಸಿಕೊಳ್ಳಲು ಅವನ ಕಿವಿಗಳು ನೆಟ್ಟಗಾಗಿದ್ದವು.

ಮೇಡಂ ಕನ್ನಡಕ ತೆಗೆದು ಕೇಳಿದರು, "ನಡುವ ಬಿಟ್ಟು ಹೋದ ಮಕ್ಕಳು ಎಲ್ಲಿ ಅದಾವಪಾ ಇದರಾಗ?"

"ಅವು ಚಿಕಿತ್ಸೆ ಪೂರ್ತಿ ಮಾಡಿಲ್ಲ ಮೇಡಂ. ಅದಕ್ಕ ಲೆಕ್ಕಕ್ಕ ಹಿಡಿದಿಲ್ಲ."

"ಓಹೋ! ನಪಾಸಾಗೋ ಹುಡುಗರನ್ನ ಪರೀಕ್ಷಾಕ್ಕ ಕೂಡಸದ ಮಾಸ್ತರನ ಸಾಲಿನೂ ನೂರಕ್ಕ ನೂರು ಪಾಸ್ ಆಗ್ತದ. ನೀ ಅಂಥಾ ಮಾಸ್ತರ ಆಗಬ್ಯಾಡ. ಹೋಗು, ಆ ಮಕ್ಕಳು ಏನಾದ್ವು ನೋಡ್ಕೊಂಡು ಬಾ."

ನಿಜಗುಣನ ಮುಖ ಸಪ್ಪಗಾಯಿತು. ಆದರೂ ಹೊರಟ. ದಾರಿಯುದ್ದಕ್ಕೂ ಪವಿತ್ರಾಳ ನಗುವೇ ನೆನಪಾಗುತ್ತಿತ್ತು. ಅಷ್ಟು ಚೇತರಿಸಿಕೊಂಡಿದ್ದ ಮಗು, ಈಗ ಓಡಾಡಿಕೊಂಡಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಮೊದಲು ಅವಳ ಊರಿಗೇ ಹೋದ.

ಹುಲಿಗೆಮ್ಮ ಬಾಗಿಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಅವನ ಗುರುತು ಹಿಡಿದು ಎದ್ದಳು. ಚಾಪೆ ಹಾಸಿದಳು, ಚೊಂಬಿನಲ್ಲಿ ನೀರು ತಂದಿಟ್ಟಳು. ಯಮನೂರ ಅಮ್ಮನ ಹಿಂದಿನಿಂದ ಇಣುಕಿ ನೋಡಿದ.

"ಪವಿತ್ರಾ ಎಲ್ಲವ್ವ?" ಎಂದ ನಿಜಗುಣ.

"ಹೋದ್ಳಲ್ರಿ. ನಾಗರ ಪಂಚಮಿ ಮುಂದ. ಕೈಯಾಗ ಉಂಡಿ ಕೊಟ್ಟಿದ್ನಿ. ಹಿಡಕೊಂಡ ಮಲಗಿದ್ಳು, ತಿನ್ನಲಿಲ್ಲ."

ನಿಜಗುಣ ಬಾಯಿಗೆತ್ತಿದ ಚೊಂಬನ್ನು ಕೆಳಗಿಟ್ಟ. ಆಮೇಲೆ ಕೇಳಿದ, "ಮತ್ತ ಆರಾಮ ತಪ್ಪಿದಾಗ ನಮ್ಮಲ್ಲಿಗೆ ಯಾಕ ತರಲಿಲ್ಲವ್ವ? ನಿನ್ನ ಗಂಡ ಬಂದಿರಲಿಲ್ಲೇನು?"

"ಹೌದ್ರಿ, ಬಂದಿದ್ರು. ಮಗನ್ನ ನಾ ನೋಡ್ಕೋತೀನಿ, ನೀ ಕೂಸಿನ ಕರಕೊಂಡ ದವಾಖಾನಿಗೆ ಹೋಗು ಅಂದ್ರು. ನಾನ ಬ್ಯಾಡಂದ್ನಿ." ಅವಳು ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು. "ಕಾಗದದ ಮ್ಯಾಲ ಹೆಬ್ಬೆಟ್ಟು ಒತ್ತಿ ಬಂದಿದ್ನೆಲ್ರಿ. ಒತ್ತಿದವ್ರನ್ನ ಮತ್ತ ಒಳಗ ಬಿಡಂಗಿಲ್ಲ ಅನ್ಕೊಂಡ್ನಿ. ಹೊಲಾ ಬರಕೊಟ್ಟ ಮ್ಯಾಲ ಮತ್ತ ನಮ್ದು ಅನ್ನಾಕ ಬರತೈತೇನ್ರಿ? ಹಂಗ ಇದೂ ಅಂತ ತಿಳದ್ನಿ."

ಆ ಕಾಗದ ಆಸ್ಪತ್ರೆಯ ಮೇಲೆ ದೂರು ಬಾರದಿರಲೆಂದು ಮಾಡಿದ್ದು. ಬಾಗಿಲು ಯಾವತ್ತೂ ಮುಚ್ಚಿರಲಿಲ್ಲ. ಮಾರನೆಯ ದಿನವೇ ಬಂದಿದ್ದರೂ ಹಾಸಿಗೆ ಸಿಗುತ್ತಿತ್ತು, ಹಾಲು ಸಿಗುತ್ತಿತ್ತು. ಅದನ್ನು ಅವಳಿಗೆ ಹೇಳಿದವರು ಯಾರು? ಯಾರೂ ಇಲ್ಲ.

"ಬರಬಹುದಿತ್ತೇನ್ರಿ?" ಎಂದಳು ಹುಲಿಗೆಮ್ಮ.

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವಳಿಗೂ ಒಂದಿಷ್ಟು ನೆಮ್ಮದಿ, ಇವನಿಗೂ ನೆಮ್ಮದಿ. ಆದರೆ ಆ ಸುಳ್ಳನ್ನೇ ಅವಳ ಗಂಡ, ಅವಳ ಊರು ನಂಬಿ, ನಾಳೆ ಇನ್ನೊಂದು ಮಗು ಕಾಯಿಲೆ ಬಿದ್ದಾಗಲೂ ಬಾರದಿದ್ದರೆ? ನಿಜಗುಣ ತಲೆ ತಗ್ಗಿಸಿದ.

"ಬರಬಹುದಿತ್ತವ್ವ. ತಪ್ಪು ನಿನ್ನದಲ್ಲ. ನಾ ಹೇಳಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯಮನೂರನನ್ನು ಹತ್ತಿರ ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ಸದ್ದಿಲ್ಲದೆ ಅಳತೊಡಗಿದಳು. ಮಗ ಅವಳ ಸೆರಗಿನಿಂದಲೇ ಅವಳ ಕಣ್ಣು ಒರೆಸಲು ನೋಡಿದ. ಮೆಣಸಿನಕಾಯಿ ಘಾಟಿಗೆ ಅವನ ಕಣ್ಣಲ್ಲೂ ನೀರು ಬಂತು.

ನಿಜಗುಣ ಅಲ್ಲಿಗೇ ನಿಲ್ಲಿಸಲಿಲ್ಲ. ನಡುವೆ ಬಿಟ್ಟು ಹೋದವರ ಮನೆಮನೆಗೂ ಅಲೆದ. ಕೆಲವು ಮಕ್ಕಳು ಬದುಕಿದ್ದವು, ಅಂಗಳದಲ್ಲಿ ಆಡುತ್ತಿದ್ದವು. ಹಲವು ಇರಲಿಲ್ಲ. ಎಲ್ಲರನ್ನೂ ಸೇರಿಸಿ ಸಂಶೋಧನೆಯನ್ನು ಮತ್ತೆ ಬರೆದ. ಹೊಗಳಿಸಿಕೊಳ್ಳುವಂಥದ್ದೇನೂ ಅದರಲ್ಲಿ ಉಳಿಯಲಿಲ್ಲ. ಮೇಡಂ ಓದಿ ಮುಗಿಸಿ, "ಈಗ ಇದು ಸಂಶೋಧನೆ" ಎಂದರು. ಅವನಿಗೆ ಆ ಮಾತಿನಿಂದ ಸಂತೋಷವಾಗಲಿಲ್ಲ. ವಾರ್ಡಿನ ಪಕ್ಕದ ಸಾಮಾನಿನ ಕೋಣೆ ಖಾಲಿ ಮಾಡಿಸಿ, ರೋಗಿ ಮಕ್ಕಳ ಜೊತೆ ಬಂದ ಅಣ್ಣ ಅಕ್ಕಂದಿರಿಗೆ ಇರಲು ಜಾಗ ಮಾಡಿಸಿದ. ನಡುವೆ ಹೊರಡುವ ಪ್ರತಿ ತಾಯಿಯನ್ನೂ ತಾನೇ ಗೇಟಿನವರೆಗೆ ಕಳಿಸಿಬರತೊಡಗಿದ.

ಒಬ್ಬಳು ತಾಯಿ, ಮಾವ ತೀರಿಕೊಂಡರೆಂದು, ಗುಟುಕು ಜೀವದ ಮಗುವನ್ನು ಎತ್ತಿಕೊಂಡು ಹೊರಟಳು. ಕೂಸನ್ನು ಬಿಟ್ಟು ಹೋಗವ್ವ, ನಾವು ನೋಡ್ಕೋತೀವಿ ಎಂದರೂ ಕೇಳಲಿಲ್ಲ. ನಿಜಗುಣ ಗೇಟಿನಲ್ಲಿ ಹೇಳಿದ, "ಮಣ್ಣು ಮುಗಿಸಿಕೊಂಡು ಬಾರವ್ವ. ಈ ಬಾಗಲಾ ನಿನ್ನದು. ಯಾರೂ ಯಾಕ ಹೋದಿ ಅಂತ ಕೇಳಂಗಿಲ್ಲ."

ಅವಳು ಮಣ್ಣು ಮುಗಿಸಿ, ಉಟ್ಟ ಸೀರೆಯಲ್ಲೇ ತಿರುಗಿ ಬಂದಳು. ಮಗುವನ್ನು ಅವನ ಕೈಗೆ ಕೊಟ್ಟು, "ನೀವು ಬಾ ಅಂದಿದ್ರೆಲ್ರಿ, ಅದಕ್ಕ ಬಂದ್ನಿ" ಎಂದಳು.

ಮಗುವಿನ ಉಸಿರು ನಡೆಯುತ್ತಿತ್ತು. ನರ್ಸಮ್ಮಂದಿರು ಅದನ್ನು ಎತ್ತಿಕೊಂಡು ಹಾಲು ಕುಡಿಸಲು ಓಡಿದರು. ನಿಜಗುಣ ಮಾತ್ರ ಗೋಡೆಯ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತ. ಇಷ್ಟೇ ಸಾಕಿತ್ತಲ್ಲ ಪವಿತ್ರಾಳಿಗೂ. ಒಂದೇ ಒಂದು ಮಾತು.

ನೀತಿ: ನಮ್ಮ ಲೆಕ್ಕದಿಂದ ಬಿಟ್ಟುಹೋದವರನ್ನು ಹುಡುಕಿಕೊಂಡು ಹೋಗುವವರೆಗೆ ನಮ್ಮ ಗೆಲುವನ್ನು ಗೆಲುವೆನ್ನಬಾರದು. ಕಷ್ಟದಲ್ಲಿರುವವರು ಬಾಗಿಲು ದಾಟಿ ಹೋಗುವಾಗ 'ಮತ್ತೆ ಬಾ' ಎಂದು ಬಾಯಿಬಿಟ್ಟು ಹೇಳಬೇಕು. ಹೇಳದೆ ಉಳಿದ ಮಾತಿನಿಂದಲೂ ಒಂದು ಜೀವ ಹೋದೀತು.